ನಾಟಕದ ಮೇಲಿನ ಪ್ರಬಂಧೋತ್ತರ: ‘ತುಘಲಕ್’ ಇಟ್ಟುಕೊಂಡು ಮಾಡಿದ ಒಂದು ಅಭ್ಯಾಸ

ಬೋಧನಾಭ್ಯಾಸಕ್ಕೆ ಪ್ರಶಿಕ್ಷಣಾರ್ಥಿಗಳನ್ನು ಶಾಲೆಗಳಿಗೆ ಕಳಿಸುವ ಮುಂಚೆ ಪ್ರತಿ ವರ್ಷ ನಾನು ಅವರಿಂದ ಒಂದು ದೊಡ್ಡ ಉತ್ತರ ಬರೆಸುತ್ತೇನೆ. ಪಾಠಯೋಜನೆ ಅಲ್ಲ, ಘಟಕಯೋಜನೆ ಅಲ್ಲ, ಪರೀಕ್ಷೆಯಲ್ಲಿ ಕೂತು ಬರೆಯುವಂಥ ಉತ್ತರ. ಅವರಿಗೆ ಇದು ಸೇರುವುದಿಲ್ಲ. ಪದವಿ ಮುಗಿಸಿ ಬಂದವರು, ಕೆಲವರು ಎಂ.ಎ. ಕೂಡ ಮುಗಿಸಿದವರು, ಮತ್ತೆ ಉತ್ತರ ಬರೆಯುವುದೇಕೆ ಎಂದು ಮುಖ ನೋಡುತ್ತಾರೆ. ನನ್ನ ಕಾರಣ ಸರಳ. ‘ವಿವರವಾಗಿ ಉತ್ತರಿಸಿ’ ಎಂದು ಮಕ್ಕಳಿಗೆ ಹೇಳುವ ಶಿಕ್ಷಕರು ಬಹಳ, ವಿವರವಾದ ಉತ್ತರವನ್ನು ಕಟ್ಟುವುದು ಹೇಗೆಂದು ಮಾಡಿ ತೋರಿಸುವವರು ಕಡಿಮೆ. ತಾನೇ ಕಟ್ಟಿ ನೋಡದವನು ಅದನ್ನು ತೋರಿಸಲಾರ.

ನಮ್ಮ ಜಿಲ್ಲೆಯಲ್ಲಿ ಇದು ಹಗುರವಾದ ಮಾತಲ್ಲ. 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಯಾದಗಿರಿ ರಾಜ್ಯದ ಪಟ್ಟಿಯ ಕೊನೆಯಲ್ಲಿತ್ತು. ಅದಕ್ಕೆ ಕಾರಣಗಳು ಅನೇಕ, ಅವೆಲ್ಲ ಈ ಲೇಖನದ ವ್ಯಾಪ್ತಿಗೆ ಬರುವುದಿಲ್ಲ. ನಾನು ಕಂಡ ಒಂದು ಸಂಗತಿಯನ್ನು ಮಾತ್ರ ಹೇಳುತ್ತೇನೆ. ಮಗುವಿಗೆ ಪಾಠ ಗೊತ್ತಿರುತ್ತದೆ, ಬಾಯಲ್ಲಿ ಕೇಳಿದರೆ ಹೇಳುತ್ತದೆ, ಬರೆಯಲು ಕೂತರೆ ಎಲ್ಲಿಂದ ಶುರು ಮಾಡಬೇಕು, ಎಲ್ಲಿ ಬಿಡಬೇಕು ಎಂಬುದು ತಿಳಿಯುವುದಿಲ್ಲ. ನಮ್ಮ ಪ್ರಶಿಕ್ಷಣಾರ್ಥಿಗಳಲ್ಲೂ ಅದೇ ತೊಡಕು ಇದೆ. ಅವರ ಅಕ್ಷರ ಚೆನ್ನಾಗಿದೆ, ಪುಟ ಹೆಚ್ಚು ತುಂಬುತ್ತಾರೆ, ವ್ಯತ್ಯಾಸ ಇಷ್ಟೇ.

ಈ ಸಲ ಆರಿಸಿದ್ದು ಗಿರೀಶ ಕಾರ್ನಾಡರ ‘ತುಘಲಕ್’. 1964ರ ನಾಟಕ, ಹದಿಮೂರು ದೃಶ್ಯ. ಪದವಿಯಲ್ಲಿ ಕನ್ನಡ ಐಚ್ಛಿಕ ಓದಿದವರಲ್ಲಿ ಹೆಚ್ಚಿನವರಿಗೆ ಪರಿಚಯವಿತ್ತು. ಓದದವರಿಗೆ ಎರಡು ವಾರ ಸಮಯ ಕೊಟ್ಟೆ. ಪ್ರಶ್ನೆ ಹೀಗಿತ್ತು: ‘ತುಘಲಕ್ ನಾಟಕದಲ್ಲಿ ಅಜೀಜನ ಪಾತ್ರಕ್ಕಿರುವ ಮಹತ್ವವನ್ನು ಚರ್ಚಿಸಿ.’ ಅಂಕ 15, ಸಮಯ 40 ನಿಮಿಷ, ಪುಸ್ತಕ ನೋಡುವಂತಿಲ್ಲ.

ಬಂದ ಉತ್ತರಗಳಲ್ಲಿ ಹೆಚ್ಚಿನವು ಒಂದೇ ಹಾದಿ ಹಿಡಿದಿದ್ದವು. ಕಾರ್ನಾಡರು 1938ರಲ್ಲಿ ಮಾಥೇರಾನ್‌ನಲ್ಲಿ ಹುಟ್ಟಿದರು, 1998ರ ಜ್ಞಾನಪೀಠ ಅವರಿಗೆ ಸಂದಿತು ಎಂದು ಅರ್ಧ ಪುಟ. ಆಮೇಲೆ ಮೊದಲ ದೃಶ್ಯದಿಂದ ಕಥೆ. ಸುಲ್ತಾನ ನ್ಯಾಯಾಲಯದಲ್ಲಿ ಸೋತ, ರಾಜಧಾನಿಯನ್ನು ದೌಲತಾಬಾದಿಗೆ ಒಯ್ಯುವುದಾಗಿ ಸಾರಿದ, ಇಮಾಮುದ್ದೀನನನ್ನು ಕೊಲ್ಲಿಸಿದ, ಶಿಹಾಬುದ್ದೀನನನ್ನು ಇರಿದ. ನಡುನಡುವೆ ಅಜೀಜ ಬಂದು ಹೋಗುತ್ತಾನೆ. ಏಳನೆಯ ದೃಶ್ಯದ ಹೊತ್ತಿಗೆ ಸಮಯ ಮುಗಿಯುತ್ತ ಬಂದಿರುತ್ತದೆ, ಅಕ್ಷರ ದೊಡ್ಡದಾಗುತ್ತದೆ, ಕೊನೆಯ ಆರು ದೃಶ್ಯ ಆರು ಸಾಲಿನಲ್ಲಿ ಓಡುತ್ತವೆ, ‘ಹೀಗೆ ಅಜೀಜನ ಪಾತ್ರ ಈ ನಾಟಕದಲ್ಲಿ ಬಹಳ ಮಹತ್ವವಾದುದಾಗಿದೆ’ ಎಂದು ಉತ್ತರ ನಿಲ್ಲುತ್ತದೆ. ಮಹತ್ವ ಏನು ಎಂಬುದು ಮಾತ್ರ ಬಂದಿಲ್ಲ. ಅಜೀಜನಿಗೆ ಅತಿ ಮುಖ್ಯವಾದ ಹದಿಮೂರನೆಯ ದೃಶ್ಯಕ್ಕೇ ಜಾಗ ಸಿಕ್ಕಿಲ್ಲ. ಕಥೆ ಹೇಳುತ್ತ ಹೋಗುವ ಉತ್ತರದ ದೊಡ್ಡ ನಷ್ಟ ಇದು: ನಾಟಕ ಎಲ್ಲಿ ಗಟ್ಟಿಯಾಗುತ್ತದೋ ಅಲ್ಲಿ ಉತ್ತರ ತೆಳ್ಳಗಾಗುತ್ತದೆ.

ಒಂದು ಉತ್ತರ ಮಾತ್ರ ಬೇರೆ ಇತ್ತು. ಶಹಾಪುರ ತಾಲ್ಲೂಕಿನ ಸಗರದಿಂದ ಬರುವ ಪ್ರಶಿಕ್ಷಣಾರ್ಥಿಯದು. ಅವನ ವಿಷಯ ಮುಂದೆ ಹೇಳುತ್ತೇನೆ, ಏಕೆಂದರೆ ಅಲ್ಲಿ ತಪ್ಪಿದ್ದು ನಾನು.

ಮರುದಿನ ಉತ್ತರಪತ್ರಿಕೆ ವಾಪಸು ಕೊಡದೆ ಪ್ರಶ್ನೆಯನ್ನು ಮಾತ್ರ ಹಲಗೆಯ ಮೇಲೆ ಬರೆದೆ. ‘ಪಾತ್ರವನ್ನು ಚಿತ್ರಿಸಿ’ ಎಂದಿದ್ದರೆ ಏನು ಬರೆಯುತ್ತಿದ್ದಿರಿ? ಅಜೀಜ ಎಂಥವನು, ಜಾಣ, ಮೋಸಗಾರ, ನಿರ್ದಯಿ ಎಂದು ಗುಣಗಳನ್ನು ಹೇಳಿ ಒಂದೊಂದಕ್ಕೆ ಒಂದು ಸಂದರ್ಭ ಕೊಡುತ್ತಿದ್ದಿರಿ. ಸರಿ. ಇಲ್ಲಿ ಕೇಳಿದ್ದು ‘ಮಹತ್ವ’. ಅಂದರೆ ಅಜೀಜ ಎಂಥವನು ಎಂಬುದಲ್ಲ, ನಾಟಕಕ್ಕೆ ಅವನು ಯಾಕೆ ಬೇಕು ಎಂಬುದು. ಇದನ್ನು ತಿಳಿಯಲು ಸುಲಭದ ಉಪಾಯ ಅವನನ್ನು ನಾಟಕದಿಂದ ತೆಗೆದು ನೋಡುವುದು.

“ಅಜೀಜನ್ನ ತಗದ್ರ ನಾಟಕದಾಗ ಏನ್ ಹೋಗತದ?” ಎಂದು ಕೇಳಿದೆ.

“ಹಾಸ್ಯ ಹೋಗತದ್ರಿ ಸರ್.”

“ಹಾಸ್ಯ ಅಷ್ಟೇನಾ?”

ಸ್ವಲ್ಪ ಹೊತ್ತು ಸುಮ್ಮನಿದ್ದರು. ಸುರಪುರದ ಕಡೆಯ ಒಬ್ಬ ವಿದ್ಯಾರ್ಥಿನಿ, “ಕಡೀ ದೃಶ್ಯಾನೇ ಉಳಿಯಂಗಿಲ್ರಿ ಸರ್, ಸುಲ್ತಾನನ ಮುಂದ ನಿಂತು ಮಾತಾಡೋರೇ ಇರಂಗಿಲ್ಲ” ಎಂದಳು. ಇನ್ನೊಬ್ಬ, “ಸುಲ್ತಾನ ಮಾಡಿದ ಕಾಯ್ದೆ ಜನರ ಹತ್ರ ಹೋಗಿ ಏನಾಯ್ತು ಅಂತ ಗೊತ್ತಾಗಂಗಿಲ್ರಿ” ಎಂದ. ಈ ಎರಡನೆಯ ಮಾತನ್ನು ನಾನು ಹಲಗೆಯ ಮೇಲೆ ಬರೆದೆ. ಉತ್ತರ ಶುರುವಾದದ್ದು ಅಲ್ಲಿ.

ನಂತರ ಹಲಗೆಯನ್ನು ನಡುವೆ ಗೆರೆ ಎಳೆದು ಎರಡು ಮಾಡಿದೆವು. ಎಡಕ್ಕೆ ಸುಲ್ತಾನ ಮಾಡಿದ್ದು, ಬಲಕ್ಕೆ ಅದನ್ನು ಅಜೀಜ ಬಳಸಿಕೊಂಡದ್ದು. ಪ್ರಜೆ ಕೂಡ ಸುಲ್ತಾನನ ಮೇಲೆ ದಾವೆ ಹೂಡಬಹುದು ಎಂದು ಮಹಮ್ಮದ ಸಾರಿದ. ಬಟ್ಟೆ ತೊಳೆಯುವ ಅಜೀಜ ವಿಷ್ಣುಪ್ರಸಾದನೆಂಬ ಬ್ರಾಹ್ಮಣನ ವೇಷ ಹಾಕಿ ದಾವೆ ಗೆದ್ದ, ಹಣವನ್ನೂ ನೌಕರಿಯನ್ನೂ ಪಡೆದ. ರಾಜಧಾನಿ ದೌಲತಾಬಾದಿಗೆ ಹೊರಟಿತು. ಅದೇ ದಾರಿಯ ಬಿಡಾರದಲ್ಲಿ ಅಜೀಜ ಅಧಿಕಾರಿಯಾಗಿ ನಿಂತು ಲಂಚ ತಿಂದ. ತಾಮ್ರದ ನಾಣ್ಯಕ್ಕೆ ಬೆಳ್ಳಿಯ ಬೆಲೆ ಎಂದು ಸುಲ್ತಾನ ಅಪ್ಪಣೆ ಮಾಡಿದ. ಅಜೀಜ ಕಳ್ಳ ನಾಣ್ಯ ಹೊಡೆದ. ಖಲೀಫನ ವಂಶದ ಗಿಯಾಸುದ್ದೀನನನ್ನು ಕರೆಸಿ ತನ್ನ ಆಳ್ವಿಕೆಗೆ ಧರ್ಮದ ಮುದ್ರೆ ಪಡೆಯಲು ಸುಲ್ತಾನ ಹೊರಟ. ಬರುವ ಅತಿಥಿಯನ್ನು ದಾರಿಯಲ್ಲೇ ಕೊಂದು ಅವನ ವೇಷದಲ್ಲಿ ಅಜೀಜ ಬಂದ.

ನಾಲ್ಕು ಸಾಲು, ನಾಲ್ಕು ಜೋಡಿ. ಇಷ್ಟು ಬರೆದ ಮೇಲೆ ನಾನು ಬೇರೆ ಏನೂ ಹೇಳಬೇಕಾಗಲಿಲ್ಲ. ಸುಲ್ತಾನನ ಒಂದೊಂದು ಕನಸೂ ಅಜೀಜನಿಗೆ ಒಂದೊಂದು ಬಾಗಿಲು ಎಂದು ತರಗತಿಯೇ ಕಂಡುಕೊಂಡಿತು. ಇದೇ ಉತ್ತರದ ನಿಲುವು. ಒಂದು ವಾಕ್ಯದಲ್ಲಿ ಬರೆಯಿರಿ ಎಂದೆ. ಹಲವು ಸಲ ಬರೆದು ಅಳಿಸಿ ಕೊನೆಗೆ ಉಳಿದದ್ದು ಹೀಗೆ: ‘ಅಜೀಜ ಸುಲ್ತಾನನ ವಿರೋಧಿಯಲ್ಲ, ಸುಲ್ತಾನನ ಆದರ್ಶಗಳನ್ನು ನಂಬದೆ, ಆದರೆ ಅವುಗಳನ್ನೇ ಬಳಸಿಕೊಂಡು ಬೆಳೆಯುವ ಅವನ ನೆರಳು, ಆ ಆದರ್ಶಗಳು ಎಲ್ಲಿ ಮುರಿಯುತ್ತವೆ ಎಂಬುದು ಅವನ ಮೂಲಕ ಕಾಣುತ್ತದೆ.’ ಸ್ವಲ್ಪ ಉದ್ದವಾಯಿತು. ಇರಲಿ, ಅವರದೇ ವಾಕ್ಯ.

ನಿಲುವು ಎಂದರೆ ಏನು ಎಂದು ನಮ್ಮ ಪ್ರಶಿಕ್ಷಣಾರ್ಥಿಗಳು ಪ್ರತಿ ವರ್ಷ ಕೇಳುತ್ತಾರೆ. ನಾನು ಕೊಡುವ ಪರೀಕ್ಷೆ ಇದು: ನೀವು ಬರೆದ ವಾಕ್ಯಕ್ಕೆ ಇನ್ನೊಬ್ಬ ಓದುಗ ‘ಇಲ್ಲ’ ಎನ್ನಲು ಸಾಧ್ಯವಿದೆಯೇ? ‘ಅಜೀಜ ಮುಖ್ಯ ಪಾತ್ರ’ ಎಂಬುದಕ್ಕೆ ಯಾರೂ ಇಲ್ಲ ಎನ್ನುವುದಿಲ್ಲ, ಆದ್ದರಿಂದ ಅದು ನಿಲುವಲ್ಲ. ‘ಅಜೀಜ ಸುಲ್ತಾನನ ನೆರಳು’ ಎಂದರೆ ಒಬ್ಬರು ಎದ್ದು, ‘ಅಲ್ಲ, ಅವನು ಬರೀ ನಗಿಸಲು ಬಂದವನು’ ಎನ್ನಬಹುದು. ಹಾಗೆನ್ನುವವರಿಗೆ ಉತ್ತರ ಕೊಡುವುದೇ ಪ್ರಬಂಧದ ಕೆಲಸ.

ಮುಂದಿನ ಪ್ರಶ್ನೆ ಕ್ರಮದ್ದು. ನಾಲ್ಕು ಜೋಡಿಗಳನ್ನು ಯಾವ ಅನುಕ್ರಮದಲ್ಲಿ ಬರೆಯಬೇಕು? ದೃಶ್ಯದ ಕ್ರಮದಲ್ಲೇ ಎಂದು ಎಲ್ಲರೂ ಅಂದರು. ಯಾಕೆ ಎಂದು ಕೇಳಿದರೆ ‘ನಾಟಕದಾಗ ಹಂಗ ಅದ್ರಿ’ ಎಂದರು. ಅದು ಕಥೆ ಹೇಳುವವನ ಕಾರಣ. ವಾದ ಮಾಡುವವನಿಗೆ ಬೇರೆ ಕಾರಣ ಬೇಕು. ನೋಡಿದರೆ ಇಲ್ಲಿ ಇನ್ನೊಂದು ಏರಿಕೆಯೂ ಇದೆ. ಮೊದಲ ದೃಶ್ಯದ ಮೋಸದಿಂದ ಯಾರಿಗೂ ಹೆಚ್ಚು ನೋವಾಗುವುದಿಲ್ಲ, ನಾವು ನಗುತ್ತೇವೆ. ಏಳನೆಯ ದೃಶ್ಯದಲ್ಲಿ ಸಾಯುತ್ತಿರುವ ಕೂಸನ್ನು ಎತ್ತಿಕೊಂಡ ತಾಯಿ ವೈದ್ಯರ ಬಳಿ ಹೋಗಲು ಅಪ್ಪಣೆ ಬೇಡುತ್ತಾಳೆ, ಅಜೀಜ ಹಣವಿಲ್ಲದೆ ಬಿಡುವುದಿಲ್ಲ. ನಗು ಅಲ್ಲಿ ನಿಲ್ಲುತ್ತದೆ. ಒಂಬತ್ತನೆಯ ದೃಶ್ಯಕ್ಕೆ ಕೊಲೆ. ಹದಿಮೂರನೆಯದಕ್ಕೆ ಸಿಕ್ಕಿಬಿದ್ದರೂ ಸುಲ್ತಾನ ಅವನನ್ನು ಶಿಕ್ಷಿಸಲಾರದ ಸ್ಥಿತಿ, ಏಕೆಂದರೆ ಜನರ ಮುಂದೆ ಖಲೀಫನ ವಂಶದವನೆಂದು ಬರಮಾಡಿಕೊಂಡವನನ್ನು ಈಗ ಕಳ್ಳನೆಂದು ಹೇಳುವುದು ಹೇಗೆ? ಅವನಿಗೇ ಅಧಿಕಾರ ಕೊಡಬೇಕಾಗುತ್ತದೆ. ಹಾಗಾಗಿ ದೃಶ್ಯಕ್ರಮವೂ ಗಾಂಭೀರ್ಯದ ಕ್ರಮವೂ ಇಲ್ಲಿ ಒಂದೇ ಆಯಿತು. ಆದರೂ ಯಾವ ಕಾರಣಕ್ಕೆ ಆ ಕ್ರಮ ಹಿಡಿದಿದ್ದೇವೆ ಎಂಬುದು ವಾಕ್ಯವೃಂದದ ಮೊದಲ ವಾಕ್ಯದಲ್ಲಿ ಕಾಣಬೇಕು.

ಮೊದಲ ವಾಕ್ಯಗಳ ಬಗ್ಗೆ ಸ್ವಲ್ಪ ಹೆಚ್ಚು ಹೇಳುತ್ತೇನೆ, ನನ್ನ ಅನುಭವದಲ್ಲಿ ಉತ್ತರ ಸುಧಾರಿಸುವುದು ಹೆಚ್ಚಾಗಿ ಇಲ್ಲಿ. ಬಂದ ಉತ್ತರಗಳಲ್ಲಿ ವಾಕ್ಯವೃಂದಗಳು ಹೀಗೆ ಶುರುವಾಗಿದ್ದವು: ‘ಏಳನೆಯ ದೃಶ್ಯದಲ್ಲಿ ಅಜೀಜ ಮತ್ತು ಆಜಮ ದೌಲತಾಬಾದಿನ ದಾರಿಯಲ್ಲಿ ಇರುತ್ತಾರೆ.’ ಇದರ ನಂತರ ಕಥೆಯಲ್ಲದೆ ಬೇರೆ ಬರಲು ದಾರಿಯೇ ಇಲ್ಲ. ಅದನ್ನು ತರಗತಿಯಲ್ಲಿ ಹೀಗೆ ತಿದ್ದಿದೆವು: ‘ನ್ಯಾಯಾಲಯದಲ್ಲಿ ನಗೆ ತರಿಸಿದ ಅದೇ ಜಾಣತನ ದೌಲತಾಬಾದಿನ ದಾರಿಯಲ್ಲಿ ಕ್ರೌರ್ಯವಾಗುತ್ತದೆ.’ ಈಗ ಹಿಂದಿನ ವಾಕ್ಯವೃಂದದ ಕೊಂಡಿಯೂ ಸಿಕ್ಕಿತು, ಮುಂದೆ ಏನನ್ನು ತೋರಿಸಬೇಕು ಎಂಬ ಹೊಣೆಯೂ ಬಿತ್ತು. ಆ ವಾಕ್ಯವೃಂದವನ್ನು ಪೂರ್ತಿ ಬರೆದು ನೋಡಿದೆವು. ಇಲ್ಲಿ ಕೊಡುತ್ತೇನೆ, ಬೇರೆ ಕಾಲೇಜಿನ ಮಿತ್ರರಿಗೆ ಉಪಯೋಗಕ್ಕೆ ಬಂದೀತು.

‘ನ್ಯಾಯಾಲಯದಲ್ಲಿ ನಗೆ ತರಿಸಿದ ಅದೇ ಜಾಣತನ ದೌಲತಾಬಾದಿನ ದಾರಿಯಲ್ಲಿ ಕ್ರೌರ್ಯವಾಗುತ್ತದೆ. ಹಿಂದೂ ಮುಸ್ಲಿಮರು ಒಂದಾಗಿ ಬಾಳುವ ರಾಜಧಾನಿ ಎಂಬುದು ಸುಲ್ತಾನನ ಆಸೆ. ಆ ಆಸೆಯ ದಾರಿಯಲ್ಲಿ ನಡೆಯುತ್ತಿರುವ ತಾಯಿಗೆ ಸಿಗುವುದು ಸುಲ್ತಾನನಲ್ಲ, ಅವನ ಅಧಿಕಾರಿ ಅಜೀಜ. ಕೂಸು ಸಾಯುತ್ತಿದೆ ಎಂದರೂ ಹಣವಿಲ್ಲದೆ ಅವಳಿಗೆ ಅಪ್ಪಣೆ ಸಿಗುವುದಿಲ್ಲ. ಜೇಬುಗಳ್ಳ ಆಜಮನ ಮನಸ್ಸು ಕರಗುತ್ತದೆ, ಸರ್ಕಾರದ ಅಧಿಕಾರಿಯಾದವನ ಮನಸ್ಸು ಕರಗುವುದಿಲ್ಲ. ಸುಲ್ತಾನ ಕೊಟ್ಟ ಉದ್ಯೋಗವೇ ಅಜೀಜನನ್ನು ಆಜಮನಿಗಿಂತ ಕೆಟ್ಟವನನ್ನಾಗಿ ಮಾಡಿದೆ.’

ಇದರಲ್ಲಿ ಕಥೆ ಎಷ್ಟಿದೆ ನೋಡಿ. ಎರಡು ಮೂರು ವಾಕ್ಯ. ಕಥೆ ಬೇಡವೆಂದಲ್ಲ, ಸಾಕ್ಷಿ ಹೇಳಲು ಬೇಕಾದಷ್ಟು ಬೇಕು. ಪರೀಕ್ಷಕರು ನಾಟಕ ಓದಿದ್ದಾರೆ, ಅವರಿಗೆ ನಾಟಕವನ್ನು ಹೊಸದಾಗಿ ಹೇಳಬೇಕಾಗಿಲ್ಲ ಎಂದು ತಿಳಿದು ಬರೆದರೆ ಅಳತೆ ತಾನೇ ಸರಿಯಾಗುತ್ತದೆ. ಕೊನೆಯ ವಾಕ್ಯ ಮಾತ್ರ ಮುಂಚೆ ಇರಲಿಲ್ಲ. ‘ಇದರಿಂದ ಏನಾಯ್ತು?’ ಎಂದು ಕೇಳಿ ಬರೆಸಿದ್ದು. ಪ್ರತಿ ವಾಕ್ಯವೃಂದದ ಕೊನೆಗೆ ಈ ಪ್ರಶ್ನೆಯನ್ನು ತಮಗೆ ತಾವೇ ಕೇಳಿಕೊಳ್ಳುವುದು ಅಭ್ಯಾಸವಾದರೆ ಬಹಳ ಕೆಲಸ ಹಗುರವಾಗುತ್ತದೆ.

‘ಅಜೀಜ ಬರೀ ನಗಿಸಲು ಬಂದವನು’ ಎಂಬ ಎದುರು ಮಾತನ್ನೂ ಉತ್ತರದಲ್ಲಿ ಒಂದು ಕಡೆ ಎತ್ತಿಕೊಳ್ಳಬೇಕು. ಇಲ್ಲಿ ನಮ್ಮ ಭಾಗದವರಿಗೆ ಒಂದು ಅನುಕೂಲವಿದೆ. ಕಾರ್ನಾಡರು ತಾವು ಕಂಡ ಕಂಪನಿ ನಾಟಕಗಳ ರಚನೆಯನ್ನು ‘ತುಘಲಕ್’ನಲ್ಲಿ ಬಳಸಿದ್ದಾಗಿ ಹೇಳಿಕೊಂಡಿದ್ದಾರೆ. ಆ ನಾಟಕಗಳಲ್ಲಿ ಅರಮನೆಯಂಥ ದೃಶ್ಯ ಪೂರಾ ರಂಗದ ಮೇಲೆ, ಅದರ ಸಜ್ಜಿಕೆ ಬದಲಾಗುವಷ್ಟರಲ್ಲಿ ಮುಂದಿನ ಪರದೆ ಬಿಟ್ಟು ಬೀದಿಯ ದೃಶ್ಯ, ಅಲ್ಲಿ ಹಾಸ್ಯದವರು. ಜಾತ್ರೆಯಲ್ಲಿ ಊರವರು ಸೀನರಿ ಬಾಡಿಗೆಗೆ ತಂದು ಆಡುವ ನಾಟಕ ನೋಡಿದ ಯಾರಿಗೂ ಇದನ್ನು ವಿವರಿಸಬೇಕಾಗಿಲ್ಲ. “ಮುಂದಿನ ಪರದಿ ಬಿಟ್ಟಾಗ ಬರೋ ಹಾಸ್ಯದವ ಸಿಂಹಾಸನ ಇರೋ ಸೀನಿಗೆ ಬರಂಗಿಲ್ಲಲ್ಲ?” ಎಂದು ಕೇಳಿದೆ. ಬರುವುದಿಲ್ಲ ಎಂದರು. ಅಜೀಜ ಬಂದ. ಹದಿಮೂರನೆಯ ದೃಶ್ಯದಲ್ಲಿ ಅರಮನೆಯೊಳಗೇ ಸುಲ್ತಾನನಿಗೆ ಎದುರಾಗಿ ನಿಂತ. ಹಾಸ್ಯದವನ ಜಾಗದಲ್ಲಿ ಶುರುವಾದವನು ಆ ಗೆರೆ ದಾಟಿ ಬರುವುದೇ ನಾಟಕದ ಮುಖ್ಯ ಘಟನೆ ಎಂದು ಬರೆದರೆ ಎದುರು ಮಾತಿಗೆ ಮರ್ಯಾದೆಯೂ ಆಯಿತು, ಉತ್ತರವೂ ಆಯಿತು. ಜಾತ್ರೆಯ ನಾಟಕ ಪರೀಕ್ಷೆಗೆ ಬರುವುದಿಲ್ಲ ಎಂದು ತಿಳಿದವರು ಅಂದು ಸ್ವಲ್ಪ ಉಬ್ಬಿದರು ಎಂದು ಕಂಡಿತು.

ಇನ್ನು ಸಗರದ ಉತ್ತರ. ಐದು ಪುಟದಲ್ಲಿ ಎರಡು ಪುಟ ಅವನ ಊರಿನ ಇತಿಹಾಸ. ಮಹಮ್ಮದ ಬಿನ್ ತುಘಲಕನ ಸೋದರಸಂಬಂಧಿ ಬಹಾಉದ್ದೀನ ಗುರ್ಶಾಸ್ಪ್ ಸಗರದ ಅಧಿಕಾರಿಯಾಗಿದ್ದ, 1326-27ರಲ್ಲಿ ದಂಗೆ ಎದ್ದ, ಸೋತು ಕಂಪಿಲಿಗೆ ಓಡಿದ, ಅವನಿಗೆ ಆಶ್ರಯ ಕೊಟ್ಟದ್ದಕ್ಕೆ ಕುಮಾರರಾಮನ ತಂದೆ ಕಂಪಿಲರಾಯ ರಾಜ್ಯವನ್ನೂ ಜೀವವನ್ನೂ ಕಳೆದುಕೊಂಡ, ಅಲ್ಲಿಂದ ಹೊಯ್ಸಳ ಬಲ್ಲಾಳನ ಬಳಿ ಹೋದಾಗ ಬಲ್ಲಾಳ ಅವನನ್ನು ಸುಲ್ತಾನನಿಗೆ ಒಪ್ಪಿಸಿದ, ಘೋರವಾದ ಮರಣಶಿಕ್ಷೆಯಾಯಿತು. ದಕ್ಷಿಣದ ಈ ದಂಗೆಯೂ ರಾಜಧಾನಿ ಬದಲಾವಣೆಗೆ ಒಂದು ಕಾರಣವೆಂದು ಕೆಲವರು ಹೇಳುವುದನ್ನೂ ಬರೆದಿದ್ದ. ಬರವಣಿಗೆಯಲ್ಲಿ ಜೀವವಿತ್ತು. ನಾನು ಎರಡೂ ಪುಟಕ್ಕೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು ‘ಅಪ್ರಸ್ತುತ’ ಎಂದು ಬರೆದು, 15ಕ್ಕೆ 4 ಕೊಟ್ಟೆ.

ಅವನು ಸಂಜೆ ಸಿಬ್ಬಂದಿ ಕೋಣೆಯ ಬಾಗಿಲಲ್ಲಿ ನಿಂತಿದ್ದ. ಒಳಗೆ ಕರೆದೆ.

“ತುಘಲಕನ ವಿರುದ್ಧ ನಮ್ಮೂರಾಗ ದಂಗೆ ಆದದ್ದು ಖರೆ ಅದಲ್ರಿ ಸರ್?”

“ಖರೆ ಅದಪಾ.”

“ಖರೆ ಇದ್ದದ್ದು ತಪ್ಪು ಹೆಂಗ ಆಗತದ್ರಿ?”

ತಪ್ಪು ಎಂದು ನಾನು ಬರೆದಿಲ್ಲ, ಅಪ್ರಸ್ತುತ ಎಂದು ಬರೆದಿದ್ದೇನೆ ಎಂದೆ. ಅವನಿಗೆ ಆ ವ್ಯತ್ಯಾಸ ಕಾಣಲಿಲ್ಲ. ಕೆಂಪು ಗೆರೆ ಎರಡಕ್ಕೂ ಒಂದೇ ಥರ ಇರುತ್ತದೆ. ಅವನು ಆಮೇಲೆ ಹೇಳಿದ ಮಾತು ಇನ್ನೂ ನೆನಪಿದೆ: “ಪುಸ್ತಕದಾಗ ನಮ್ಮೂರ ಹೆಸರು ಬರೂದೇ ಇಲ್ರಿ ಸರ್. ಒಂದು ಸಲ ಬರೀಲಿಕ್ಕೆ ಸಿಕ್ಕಿತು ಅಂತ ಬರದೆ.” ಸಗರನಾಡು ಎಂದು ಇಡೀ ಪ್ರದೇಶಕ್ಕೆ ಹೆಸರು ಕೊಟ್ಟ ಊರಿನವನು ಅವನು. ಮರುದಿನದಿಂದ ತರಗತಿಯಲ್ಲಿ ಬರೆಯಲು ಹೇಳಿದರೆ ನಾಲ್ಕು ಸಾಲು ಬರೆದು ಪೆನ್ನು ಮುಚ್ಚಿ ಕೂರತೊಡಗಿದ. ಬೋಧನಾಭ್ಯಾಸಕ್ಕೆ ಹತ್ತು ದಿನ ಇತ್ತು.

ನನ್ನ ಗುರುತು ತಪ್ಪಿದ್ದು ಎಲ್ಲಿ ಎಂದು ಯೋಚಿಸಿದೆ. ಅಪ್ರಸ್ತುತ ಎಂಬ ಪದ ಸಂಗತಿಯ ಗುಣವನ್ನು ಹೇಳುವುದಿಲ್ಲ, ಪ್ರಶ್ನೆಗೂ ಸಂಗತಿಗೂ ಇರುವ ನಂಟನ್ನು ಹೇಳುತ್ತದೆ. ಅದೇ ಎರಡು ಪುಟ ‘ತುಘಲಕ್ ಐತಿಹಾಸಿಕ ನಾಟಕವೇ? ಚರ್ಚಿಸಿ’ ಎಂಬ ಪ್ರಶ್ನೆಗೆ ಬಂದಿದ್ದರೆ ನಾನೇ ಹೊಗಳುತ್ತಿದ್ದೆ. ನಾಟಕದಲ್ಲಿ ರಾಜಧಾನಿ ಬದಲಾಗುವ ಮುಂಚೆ ಬರುವುದು ಅವಧದ ಐನ್-ಉಲ್-ಮುಲ್ಕ್‌ನ ದಂಗೆ. ಇತಿಹಾಸದಲ್ಲಿ ಅದು ನಡೆದದ್ದು 1340ರ ಸುಮಾರಿಗೆ, ರಾಜಧಾನಿ ಬದಲಾಗಿ ಎಷ್ಟೋ ವರ್ಷದ ಮೇಲೆ. 1327ಕ್ಕೆ ಸರಿಯಾಗಿ ನಡೆದ ಸಗರದ ದಂಗೆಯನ್ನು ಕಾರ್ನಾಡರು ರಂಗದ ಮೇಲೆ ತರಲಿಲ್ಲ, ಹದಿಮೂರು ವರ್ಷದ ನಂತರದ್ದನ್ನು ಹಿಂದಕ್ಕೆ ಎಳೆದು ತಂದರು. ಯಾಕೆ? ಇಮಾಮುದ್ದೀನನನ್ನು ಸುಲ್ತಾನನ ವೇಷದಲ್ಲಿ ಸಂಧಾನಕ್ಕೆ ಕಳಿಸಿ ಸಾಯಿಸುವ ಘಟನೆಗೆ ಅಂಥದೊಂದು ದಂಗೆ ಬೇಕಿತ್ತು. ನಾಟಕಕಾರ ಇತಿಹಾಸವನ್ನು ಹೇಗೆ ಆರಿಸಿಕೊಳ್ಳುತ್ತಾನೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಹುಡುಕಿದರೂ ಸಿಗದು. ಮತ್ತು ಅದು ನಮ್ಮ ಕಾಲೇಜಿನಿಂದ ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರದ ಊರಿನದು. ಇಷ್ಟನ್ನು ನಾನು ಅವನಿಗೆ ಕೆಂಪು ಗೆರೆಯ ಬದಲು ಹೇಳಬೇಕಿತ್ತು.

ಮಾರನೆಯ ವಾರ ತರಗತಿಯಲ್ಲಿ ಎಲ್ಲರ ಮುಂದೆಯೇ ಹೇಳಿದೆ, ನನ್ನ ಗೆರೆ ಅವಸರದ್ದಾಗಿತ್ತು ಎಂದೂ ಹೇಳಿದೆ. ಆಮೇಲೆ ಅವನಿಗೆ ಒಂದೇ ಕೆಲಸ ಕೊಟ್ಟೆ: ಅಜೀಜನ ಪ್ರಶ್ನೆಯ ಉತ್ತರದಲ್ಲಿ ಸಗರಕ್ಕೆ ಒಂದು ವಾಕ್ಯದಷ್ಟು ಜಾಗ ಇದೆ, ಎಲ್ಲಿ ಎಂದು ಹುಡುಕು. ಎರಡು ದಿನ ಬಿಟ್ಟು ಬರೆದು ತಂದ: ‘ಸುಲ್ತಾನನ ಸೋದರಸಂಬಂಧಿಯೇ ಸಗರದಲ್ಲಿ ಎದ್ದ ದಂಗೆಯನ್ನು ಹೊರಗಿಟ್ಟ ನಾಟಕಕಾರರು ಬಟ್ಟೆ ತೊಳೆಯುವ ಅಜೀಜನಿಗೆ ಮೊದಲ ದೃಶ್ಯದಿಂದ ಕೊನೆಯ ದೃಶ್ಯದವರೆಗೆ ಜಾಗ ಕೊಟ್ಟಿದ್ದಾರೆ, ಸುಲ್ತಾನನಿಗೆ ನಿಜವಾದ ಅಪಾಯ ಕತ್ತಿ ಹಿಡಿದವರಿಂದಲ್ಲ ಎಂಬುದು ಇದರಿಂದ ತಿಳಿಯುತ್ತದೆ.’ ನಿಲುವು ಹೇಳಿದ ಕೂಡಲೇ ಇದನ್ನು ಇಟ್ಟಿದ್ದ. ಎರಡು ಪುಟದ ಕೆಲಸವನ್ನು ಒಂದು ವಾಕ್ಯ ಮಾಡಿತು. ನಾನು ಹೇಳಿಕೊಟ್ಟದ್ದಲ್ಲ ಅದು.

ಈ ಪ್ರಸಂಗದ ನಂತರ ನಾವು ತಿದ್ದುವ ಗುರುತುಗಳನ್ನು ಬದಲಿಸಿದೆವು. ಅಡ್ಡಗೆರೆ ಬಿಟ್ಟು ಅಂಚಿನಲ್ಲಿ ಅಕ್ಷರ ಹಾಕುತ್ತೇವೆ: ಕಥೆ ಹೇಳುವ ಸಾಲುಗಳಿಗೆ ‘ಕ’, ಸಾಕ್ಷಿಯಾಗಿ ಬಂದ ಸಂದರ್ಭಕ್ಕೆ ‘ಸಾ’, ವಾದಕ್ಕೆ ‘ವಾ’, ಒಳ್ಳೆಯದಾದರೂ ಬೇರೆ ಪ್ರಶ್ನೆಗೆ ಸೇರಿದ್ದಕ್ಕೆ ‘ಬೇ’. ಮೊದಲು ತಮ್ಮ ಉತ್ತರಕ್ಕೆ ತಾವೇ ಹಾಕಿಕೊಳ್ಳಬೇಕು. ಪುಟದ ಉದ್ದಕ್ಕೂ ‘ಕ’ ‘ಕ’ ‘ಕ’ ಎಂದು ಇಳಿದು ಬಂದದ್ದನ್ನು ತಾವೇ ಕಂಡಾಗ ಮತ್ತೆ ಮಾತು ಬೇಕಾಗುವುದಿಲ್ಲ. ‘ಬೇ’ ಬಿದ್ದದ್ದನ್ನು ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದಿಟ್ಟು ಅದು ಯಾವ ಪ್ರಶ್ನೆಗೆ ಉತ್ತರವಾದೀತು ಎಂದು ಯೋಚಿಸಬೇಕು.

ಸಮಯದ ಬಗ್ಗೆ ಹೆಚ್ಚು ಹೇಳುವುದಿಲ್ಲ. 40 ನಿಮಿಷದಲ್ಲಿ ಎಂಟು ನಿಮಿಷ ಯೋಜನೆಗೆ, ಐದು ನಿಮಿಷ ಮರುಓದಿಗೆ, ಉಳಿದದ್ದು ಬರೆಯಲು. ಪಕ್ಕದವನ ಪೆನ್ನು ಓಡುತ್ತಿರುವಾಗ ಎಂಟು ನಿಮಿಷ ಬರೆಯದೆ ಕೂರುವುದು ಕಠಿಣ, ಅದನ್ನು ಅಭ್ಯಾಸವೇ ಕಲಿಸಬೇಕು. ಪೀಠಿಕೆಯಲ್ಲಿ ಕವಿಪರಿಚಯ ಕೇಳದಿದ್ದರೆ ಬೇಡ. ನಿಲುವು ಮೊದಲ ನಾಲ್ಕೈದು ಸಾಲಿನೊಳಗೆ ಬರಲಿ. ಉಪಸಂಹಾರದಲ್ಲಿ ಹಿಂದೆ ಹೇಳಿದ್ದನ್ನೇ ತಿರುಗಿ ಹೇಳುವ ಬದಲು ಕೊನೆಯ ದೃಶ್ಯವನ್ನು ಉಳಿಸಿಟ್ಟುಕೊಳ್ಳಿ ಎಂದು ನಾನು ಹೇಳುತ್ತೇನೆ. ಅಜೀಜನನ್ನು ಅಧಿಕಾರಿಯಾಗಿ ಕಳಿಸಿದ ಮೇಲೆ ಬರನಿಯೂ ಬಿಟ್ಟುಹೋಗಿ, ಸುಲ್ತಾನ ಸಿಂಹಾಸನದಲ್ಲೇ ನಿದ್ದೆ ಹೋಗುತ್ತಾನೆ, ಪ್ರಾರ್ಥನೆಯ ಕರೆ ಕೇಳಿ ಎಚ್ಚರಾದಾಗ ಎಲ್ಲಿದ್ದೇನೆಂದು ತಿಳಿಯದೆ ಸುತ್ತ ನೋಡುತ್ತಾನೆ. ಅಲ್ಲಿಗೆ ಉತ್ತರ ನಿಂತರೆ ಸಾಕು.

ಇದೆಲ್ಲ ಪ್ರೌಢಶಾಲೆಗೆ ಹೇಗೆ ಇಳಿಯುತ್ತದೆ ಎಂಬುದು ನಿಜವಾದ ಪ್ರಶ್ನೆ. ಹತ್ತನೆಯ ತರಗತಿಯಲ್ಲಿ ಪು.ತಿ.ನ. ಅವರ ‘ಶಬರಿ’ ಇದೆ. ಅಲ್ಲಿ ಕೇಳುವುದು ಎಂಟು ಹತ್ತು ವಾಕ್ಯದ ಉತ್ತರ. ಸುರಪುರದ ಶಾಲೆಯೊಂದರಲ್ಲಿ ಅಭ್ಯಾಸಪಾಠಕ್ಕೆ ಹೋದದ್ದು ಅದೇ ಸಗರದ ಪ್ರಶಿಕ್ಷಣಾರ್ಥಿ, ನಾನು ವೀಕ್ಷಣೆಗೆ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಅವನು ಕೊಟ್ಟ ಪ್ರಶ್ನೆ: ‘ಶಬರಿ ರಾಮನಿಗಾಗಿ ಕಾದದ್ದು ಸಾರ್ಥಕವಾಯಿತೇ?’ ಮಕ್ಕಳು ದಶರಥನಿಂದ ಶುರು ಮಾಡಿದರು. ಕೈಕೇಯಿ, ವನವಾಸ, ಚಿನ್ನದ ಜಿಂಕೆ. ಹತ್ತು ವಾಕ್ಯದಲ್ಲಿ ಏಳು ಮುಗಿದಾಗ ಶಬರಿ ಇನ್ನೂ ಬಂದಿರಲಿಲ್ಲ. ಟಿ.ವಿ.ಯಲ್ಲಿ ನೋಡಿದ್ದನ್ನೂ ಕೆಲವರು ಸೇರಿಸಿದ್ದರು. ಅವನು ಅದ್ಯಾವುದಕ್ಕೂ ತಪ್ಪು ಹಾಕಲಿಲ್ಲ. “ಇದು ಪಾಠದಾಗ ಎಲ್ಲಿ ಅದ, ಬೆರಳಿಟ್ಟು ತೋರಸು” ಎಂದ. ತೋರಿಸಲಾಗದ್ದಕ್ಕೆ ಮಗುವಿನ ಕೈಯಿಂದಲೇ ಅಂಚಿನಲ್ಲಿ ‘ಬೇ’ ಬರೆಸಿದ.

ಆಮೇಲೆ ಹಲಗೆಯನ್ನು ಎರಡು ಭಾಗ ಮಾಡಿ ಎಡಕ್ಕೆ ‘ಶಬರಿ ಏನು ಬಯಸಿದಳು’, ಬಲಕ್ಕೆ ‘ಏನು ಸಿಕ್ಕಿತು’ ಎಂದು ಬರೆದ. ಮಕ್ಕಳು ಪುಟ ತಿರುವಿ ಒಂದೊಂದೇ ಹೇಳತೊಡಗಿದರು. ಒಬ್ಬ ಹುಡುಗಿ ಎದ್ದು, “ಸರ್, ಆಕಿ ಸಂತೋಷದಿಂದ ಇದ್ರ, ರಾಮ ದುಃಖದಾಗ ಬಂದಾನ್ರಿ. ಸೀತಾ ಕಳಕೊಂಡು” ಎಂದಳು. ಅವನು ಒಂದು ಕ್ಷಣ ನಿಂತು ನನ್ನ ಕಡೆ ನೋಡಿದ. ಪಾಠಯೋಜನೆಯಲ್ಲಿ ಈ ಮಾತು ಇರಲಿಲ್ಲ. ಆಮೇಲೆ ಅದನ್ನೂ ಹಲಗೆಯ ಮೇಲೆ, ಎರಡೂ ಭಾಗದ ನಡುವಿನ ಗೆರೆಯ ಮೇಲೆಯೇ ಬರೆದ. ಅಂದು ಆ ಹುಡುಗಿಯ ಉತ್ತರ ಎಂಟು ವಾಕ್ಯಕ್ಕೆ ನಿಂತಿತ್ತು, ಅದರಲ್ಲಿ ದಶರಥ ಇರಲಿಲ್ಲ.

ಪಾಠ ಮುಗಿದ ಮೇಲೆ ಆ ಶಾಲೆಯ ಮಾರ್ಗದರ್ಶಕ ಶಿಕ್ಷಕರು ಒಂದು ಮಾತು ಹೇಳಿದರು. ‘ಹಲಗಲಿ ಬೇಡರು’ ಲಾವಣಿಯ ಪ್ರಶ್ನೆ ಕೊಟ್ಟಾಗಲೆಲ್ಲ ಅವರ ಮಕ್ಕಳು ಹಲಗಲಿ ಬಿಟ್ಟು ಸುರಪುರದ ರಾಜಾ ವೆಂಕಟಪ್ಪ ನಾಯಕರ 1857-58ರ ಹೋರಾಟವನ್ನೇ ಬರೆಯುತ್ತಾರಂತೆ. ಇಷ್ಟು ವರ್ಷ ಅವರೂ ಗೆರೆ ಎಳೆಯುತ್ತಿದ್ದರಂತೆ. ನಮ್ಮ ಪ್ರಶಿಕ್ಷಣಾರ್ಥಿ ಅದನ್ನು ಕೇಳಿಸಿಕೊಂಡು ವೀಕ್ಷಣಾ ಪುಸ್ತಕದ ಹಿಂದಿನ ಹಾಳೆಯಲ್ಲಿ ಏನೋ ಬರೆದುಕೊಳ್ಳುತ್ತಿದ್ದ. ಮುಂದಿನ ಪಾಠಕ್ಕೆ ಲಾವಣಿಯನ್ನೇ ತೆಗೆದುಕೊಳ್ಳುವುದಾಗಿ ಬಸ್ಸಿನಲ್ಲಿ ಹೇಳಿದ. ಆ ಪಾಠಯೋಜನೆ ಈಗ ನನ್ನ ಮೇಜಿನ ಮೇಲಿದೆ, ತಿದ್ದಬೇಕು.